ಶುಗರ್ ಇದ್ದವರಿಗೆ ವೈರಲ್ ಜ್ವರ: ಜೀವಕ್ಕೆ ಅಪಾಯ ಎಷ್ಟು, ಎಲ್ಲಿಂದ?

ಮಧುಮೇಹಿಗಳಿಗೆ ವೈರಸ್ ಸೋಂಕು ತಗುಲಿದಾಗಿನ ಅಪಾಯದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ ಕಡೆ ಒಟ್ಟು ಸೇರಿಸಿ ಉತ್ತರಿಸಿದ್ದೇವೆ. ರಕ್ತದ ಸಕ್ಕರೆಯ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ. ಮಿಲಿಮೋಲ್ ತೋರಿಸುವ ಮೀಟರ್ ಇರುವವರು ಇಲ್ಲಿನ ಅಂಕಿಯನ್ನು 18ರಿಂದ ಭಾಗಿಸಿಕೊಳ್ಳಿ.

ಪ್ರಶ್ನೆ: ನನಗೆ 46 ವರ್ಷ, ಆರು ವರ್ಷದಿಂದ ಟೈಪ್ 2 ಶುಗರ್. ಶುಗರ್ ಇದ್ದವರು ವೈರಸ್ ಸೋಂಕಿನಿಂದ ಸಾಯುವ ಸಂಭವ ಎರಡು ಪಟ್ಟು ಎಂದು ಓದಿದಾಗಿನಿಂದ ಸಣ್ಣ ನೆಗಡಿಯಾದರೂ ಭಯವಾಗುತ್ತದೆ. ಇದು ನಿಜವೇ?

ಉತ್ತರ: ಅಂಕಿ ಸುಳ್ಳಲ್ಲ. ಆದರೆ ಯಾವುದರ ಎರಡು ಪಟ್ಟು ಎಂದು ಕೇಳಿಕೊಳ್ಳದೆ ಹೆದರಬೇಡಿ.

ನೀವು ಓದಿದ ಲೆಕ್ಕ ಇಂಗ್ಲೆಂಡಿನದ್ದಿರಬೇಕು. 2020ರ ಮಾರ್ಚ್ 1ರಿಂದ ಮೇ 11ರವರೆಗೆ ಅಲ್ಲಿನ ಸುಮಾರು 6.1 ಕೋಟಿ ಜನರ ದಾಖಲೆಗಳನ್ನು ತಾಳೆ ನೋಡಿದ್ದರು. ಆ ಅವಧಿಯಲ್ಲಿ ಕೋವಿಡ್‌ನಿಂದ ಆಸ್ಪತ್ರೆಯಲ್ಲಿ ತೀರಿಕೊಂಡವರು 23,698 ಜನ. ಅವರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಮಧುಮೇಹಿಗಳು. ವಯಸ್ಸು, ಲಿಂಗ, ಬಡತನ, ಜನಾಂಗ ಇವನ್ನೆಲ್ಲ ಸರಿದೂಗಿಸಿದ ಮೇಲೂ ಟೈಪ್ 2 ಇದ್ದವರಿಗೆ ಅಪಾಯ ಸುಮಾರು 2 ಪಟ್ಟು, ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆ) ಇದ್ದವರಿಗೆ 3.5 ಪಟ್ಟು ಕಂಡುಬಂತು. ಮೊದಲೇ ಇದ್ದ ಹೃದಯದ ಕಾಯಿಲೆಯನ್ನೂ ಲೆಕ್ಕಕ್ಕೆ ಹಿಡಿದಾಗ ಅವು 1.8 ಮತ್ತು 2.9ಕ್ಕೆ ಇಳಿದವು. ಅಂದರೆ ‘ಶುಗರಿನ ಅಪಾಯ’ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಶುಗರ್ ಹಾಳುಮಾಡಿದ ಹೃದಯದ್ದು. ಇವೆಲ್ಲ ಲಸಿಕೆಯೂ ಸರಿಯಾದ ಚಿಕಿತ್ಸೆಯೂ ಇಲ್ಲದಿದ್ದ ಕಾಲದ ಅಂಕಿಗಳು ಎಂಬುದನ್ನೂ ಮರೆಯಬೇಡಿ.

ಇನ್ನು ವಯಸ್ಸು. ಅದರ ಮುಂದೆ ಉಳಿದ ಕಾರಣಗಳೆಲ್ಲ ಚಿಕ್ಕವು. ಶುಗರ್ ಇದ್ದರೂ 40ರ ಒಳಗಿನವರಲ್ಲಿ ಸಾವು ತೀರ ಅಪರೂಪವಾಗಿತ್ತು. ಶುಗರ್ ಇರುವ 46ರವರಿಗಿಂತ, ಶುಗರೇ ಇಲ್ಲದ 76ರವರಿಗೆ ಕೋವಿಡ್ ಹೆಚ್ಚು ಅಪಾಯಕಾರಿ. ನಿಮ್ಮ ವಯಸ್ಸಿನಲ್ಲಿ ಮೂಲ ಅಪಾಯವೇ ಚಿಕ್ಕದು. ಚಿಕ್ಕದರ ಎರಡು ಪಟ್ಟೂ ಚಿಕ್ಕದೇ.

ಎಲ್ಲ ಮಧುಮೇಹಿಗಳನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ ಎಂಬುದು ಇದಕ್ಕಿಂತ ಮುಖ್ಯ. ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ, ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ (ಇದರ ಲೆಕ್ಕ ಶೇಕಡಾದಲ್ಲಿ) 10 ದಾಟಿದ ಟೈಪ್ 2 ರೋಗಿಗಳಿಗೆ, 6.5ರಿಂದ 7ರೊಳಗೆ ಇದ್ದವರಿಗಿಂತ ಸಾವಿನ ಅಪಾಯ 1.6 ಪಟ್ಟು ಹೆಚ್ಚಿತ್ತು. ಕಿಡ್ನಿ ಸೋತವರು, ಹಾರ್ಟ್ ಫೇಲ್ಯೂರ್ ಆದವರು, ತೂಕ ಬಹಳ ಹೆಚ್ಚಿರುವವರು, ಹಾಗೆಯೇ ತೀರ ಸೊರಗಿದವರು ಹೆಚ್ಚು ಸತ್ತಿದ್ದರು. ಚೀನಾದ ಹುಬೆ ಪ್ರಾಂತ್ಯದಲ್ಲಿ ಆಸ್ಪತ್ರೆ ಸೇರಿದ ಮಧುಮೇಹಿಗಳಲ್ಲಿ, ಸಕ್ಕರೆ 70ರಿಂದ 180ರೊಳಗೆ ನಿಂತವರಲ್ಲಿ ನೂರಕ್ಕೆ ಸುಮಾರು 1 ಜನ ಸತ್ತರೆ, ಅದನ್ನು ಮೀರಿದವರಲ್ಲಿ 11 ಜನ ಸತ್ತಿದ್ದರು. ಈ ಕೊನೆಯ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು: ಕಾಯಿಲೆ ಜೋರಾದಷ್ಟೂ ಸಕ್ಕರೆ ತಾನಾಗಿಯೇ ಏರುತ್ತದೆ, ಹಾಗಾಗಿ ಏರಿದ ಸಕ್ಕರೆ ಕಾರಣವೂ ಹೌದು, ಪರಿಣಾಮವೂ ಹೌದು.

ಇದು ಕೋವಿಡ್‌ಗೆ ಮಾತ್ರ ಸೀಮಿತವಲ್ಲ. 2009ರ ಎಚ್1ಎನ್1 ಫ್ಲೂ ಹರಡಿದಾಗ ಕೆನಡಾದ ಕ್ವಿಬೆಕ್‌ನಲ್ಲಿ ಮಧುಮೇಹಿಗಳು ಆಸ್ಪತ್ರೆ ಸೇರುವ ಸಂಭವ 3 ಪಟ್ಟು, ಸೇರಿದ ಮೇಲೆ ಐಸಿಯುಗೆ ಹೋಗುವ ಸಂಭವ 4 ಪಟ್ಟು ಎಂದು ದಾಖಲಾಯಿತು. 2003ರ ಸಾರ್ಸ್, ಆಮೇಲೆ ಬಂದ ಮರ್ಸ್, ಡೆಂಗಿ ಇವುಗಳಲ್ಲೂ ಶುಗರ್ ಇದ್ದವರಿಗೆ ಕಾಯಿಲೆ ಬಿಗಡಾಯಿಸುವುದು ಹೆಚ್ಚು.

ಪ್ರಶ್ನೆ: ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ವೈರಸ್ಸಿಗೆ ಆಹಾರ ಸಿಕ್ಕಂತೆ ಆಗುತ್ತದೆಯೇ? ಸಾವು ಬರುವುದು ಹೇಗೆ?

ಉತ್ತರ: ವೈರಸ್ ಏನನ್ನೂ ತಿನ್ನುವುದಿಲ್ಲ. ಅದು ನಮ್ಮ ಜೀವಕೋಶದೊಳಗೆ ಹೊಕ್ಕು ಅದರ ಯಂತ್ರವನ್ನೇ ಬಳಸಿಕೊಳ್ಳುತ್ತದೆ. ತೊಂದರೆ ಬೇರೆ ಕಡೆ ಇದೆ.

ಸೋಂಕು ತಗುಲಿದ ಮೊದಲ ಗಂಟೆಗಳಲ್ಲಿ ದೇಹ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಡಿಸಿ ಪಕ್ಕದ ಜೀವಕೋಶಗಳನ್ನು ಎಚ್ಚರಿಸಬೇಕು. ಬಹಳ ದಿನ ಸಕ್ಕರೆ ಏರಿಯೇ ಇದ್ದವರಲ್ಲಿ ಈ ಮೊದಲ ಹಂತ ನಿಧಾನ. ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ತಲುಪುವುದೂ ತಡ, ನುಂಗುವ ಶಕ್ತಿಯೂ ಕಡಿಮೆ. ವೈರಸ್ ಅಷ್ಟರಲ್ಲಿ ಬೆಳೆದುಬಿಟ್ಟಿರುತ್ತದೆ. ಆಮೇಲೆ ಬರುವ ಉರಿಯೂತ ಮಾತ್ರ ಅಳತೆ ಮೀರಿ ಬರುತ್ತದೆ. ಶ್ವಾಸಕೋಶವನ್ನು ಕೆಡಿಸುವುದು ಹೆಚ್ಚಾಗಿ ಈ ಎರಡನೇ ಹಂತ.

ಇದರ ಜೊತೆಗೆ ಜ್ವರ ತಾನೇ ಸಕ್ಕರೆಯನ್ನು ಏರಿಸುತ್ತದೆ. ಕಾರ್ಟಿಸೋಲ್, ಅಡ್ರಿನಲಿನ್, ಗ್ಲುಕಗಾನ್ ಹಾರ್ಮೋನುಗಳು ಇನ್ಸುಲಿನ್‌ಗೆ ಎದುರಾಗಿ ಕೆಲಸ ಮಾಡುತ್ತವೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನು ಮೂತ್ರಕ್ಕೆ ಬಿಡತೊಡಗುತ್ತದೆ, ಸಕ್ಕರೆ ಹೋಗುವಾಗ ನೀರನ್ನೂ ಎಳೆದೊಯ್ಯುತ್ತದೆ. ಜ್ವರದ ಬೆವರು, ವಾಂತಿ, ಮೇಲೆ ಇದು. ಮೈ ಒಣಗುತ್ತದೆ, ರಕ್ತ ದಪ್ಪವಾಗುತ್ತದೆ, ಕಿಡ್ನಿ ಕುಸಿಯುತ್ತದೆ, ಸಕ್ಕರೆ ಇನ್ನೂ ಏರುತ್ತದೆ. ಡೆಂಗಿಯಲ್ಲಿ ಇದು ಮನೆಯವರನ್ನು ಮೋಸಗೊಳಿಸುವ ರೀತಿಯೇ ಬೇರೆ. ಶಾಕ್‌ಗೆ (ಬಿ.ಪಿ. ಕುಸಿದು ಅಂಗಗಳಿಗೆ ರಕ್ತ ಸಾಲದ ಸ್ಥಿತಿಗೆ) ಹೋಗುತ್ತಿರುವ ರೋಗಿಗೆ ಮೂತ್ರ ಕಡಿಮೆಯಾಗಬೇಕು. ಆದರೆ ಸಕ್ಕರೆ 350 ಇರುವವರಿಗೆ ಮೂತ್ರ ಧಾರಾಳವಾಗಿ ಹೋಗುತ್ತಲೇ ಇರುತ್ತದೆ. ‘ಮೂತ್ರ ಚೆನ್ನಾಗಿ ಹೋಗುತ್ತಿದೆ, ಚಿಂತೆಯಿಲ್ಲ’ ಎಂದು ಮನೆಯವರು ಸುಮ್ಮನಿದ್ದುಬಿಡುತ್ತಾರೆ.

ಉಳಿದ ದಾರಿಗಳಲ್ಲಿ ಒಂದು ಹೃದಯದ್ದು. ಫ್ಲೂ ದೃಢಪಟ್ಟ ಮೊದಲ 7 ದಿನ ಹೃದಯಾಘಾತದ ಸಂಭವ ಉಳಿದ ದಿನಗಳಿಗಿಂತ 6 ಪಟ್ಟು ಎಂದು 2018ರಲ್ಲಿ ಕೆನಡಾದಿಂದ ಬಂದ ಅಧ್ಯಯನ ತೋರಿಸಿತು. ಅದು ಎಲ್ಲರ ಲೆಕ್ಕ. ಬಹಳ ವರ್ಷದಿಂದ ಶುಗರ್ ಇದ್ದು ನರಗಳು ಮಂಕಾದವರಲ್ಲಿ ಎದೆನೋವೇ ಬಾರದೆ ಹೃದಯಾಘಾತ ಆಗಬಹುದು. ಬರೀ ಸುಸ್ತು, ಬೆವರು, ಉಬ್ಬಸ ಇಷ್ಟೇ ಕಾಣುತ್ತದೆ, ಎಲ್ಲವೂ ಜ್ವರದ ಲೆಕ್ಕಕ್ಕೆ ಸೇರಿಬಿಡುತ್ತದೆ. ಇನ್ನೊಂದು, ವೈರಸ್ ಹಿಂದೆಯೇ ಬರುವ ಬ್ಯಾಕ್ಟೀರಿಯಾ ನ್ಯುಮೋನಿಯಾ: ಫ್ಲೂ ಇಳಿದು ಎರಡು ಮೂರು ದಿನ ಹಗುರಾಗಿ, ಮತ್ತೆ ಜ್ವರ, ಕಫ, ಚಳಿ ಶುರುವಾದರೆ ಅದೇ ಇರಬಹುದು.

ಪ್ರಶ್ನೆ: ಅಮ್ಮನಿಗೆ 68 ವರ್ಷ. ಶುಗರಿಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್, ಬಿ.ಪಿ.ಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಾರೆ. ಹೋದ ತಿಂಗಳು ವೈರಲ್ ಜ್ವರ ಬಂದು ಎರಡು ದಿನ ವಾಂತಿಯಾಯಿತು, ಊಟ ಸೇರಲಿಲ್ಲ. ಮಾತ್ರೆ ನಿಲ್ಲಿಸಿದರೆ ಶುಗರ್ ಏರುತ್ತದೆ ಎಂದು ಅಣ್ಣ, ಕೊಟ್ಟರೆ ಇಳಿಯುತ್ತದೆ ಎಂದು ನಾನು. ಯಾರದು ಸರಿ?

ಉತ್ತರ: ಇಬ್ಬರದೂ ಅರ್ಧರ್ಧ ಸರಿ, ಏಕೆಂದರೆ ಆ ನಾಲ್ಕು ಮಾತ್ರೆಗಳೂ ನಾಲ್ಕು ಬಗೆಯವು. ಒಂದೊಂದಾಗಿ ನೋಡೋಣ.

ಮೊದಲು ನಿಲ್ಲಬೇಕಾದದ್ದು ಡಾಪಾಗ್ಲಿಫ್ಲೋಜಿನ್. ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಇದೇ ಗುಂಪಿನವು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಔಷಧಿಗಳು. ಊಟವಿಲ್ಲದೆ, ನೀರಿಲ್ಲದೆ ಇವನ್ನು ನುಂಗಿದರೆ ಮೈ ಇನ್ನಷ್ಟು ಒಣಗುತ್ತದೆ. ದೇಹ ಕೊಬ್ಬನ್ನು ಉರಿಸತೊಡಗಿ ರಕ್ತದಲ್ಲಿ ಕೀಟೋನ್ ಆಮ್ಲ ಸೇರುತ್ತದೆ. ಕೆಟ್ಟ ಸಂಗತಿ ಏನೆಂದರೆ ಆಗ ಮೀಟರಿನಲ್ಲಿ ಸಕ್ಕರೆ 160, 180 ಎಂದಷ್ಟೇ ಕಾಣಿಸಬಹುದು. ‘ಶುಗರ್ ನಾರ್ಮಲ್ ಇದೆಯಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು ಬಂದರೆ, ಉಸಿರು ಆಳವಾಗಿ, ವೇಗವಾಗಿ ನಡೆದರೆ ಸಕ್ಕರೆ ಎಷ್ಟೇ ಇರಲಿ, ಕೀಟೋನ್ ಪರೀಕ್ಷೆ ಮಾಡಿಸಲೇಬೇಕು. ಆಸ್ಪತ್ರೆಯಲ್ಲಿ ಈ ಮಾತ್ರೆಯ ಹೆಸರನ್ನು ಬಾಯಿಬಿಟ್ಟು ಹೇಳಿ. ಕೊನೆಯ ಮಾತ್ರೆ ನುಂಗಿ ಎರಡು ಮೂರು ದಿನವಾದರೂ ಇದರ ಪರಿಣಾಮ ಉಳಿದಿರುತ್ತದೆ. ಮತ್ತೆ ಶುರುಮಾಡುವುದು, ಮಾಮೂಲಿನಂತೆ ಉಂಡು ಕುಡಿದು 24ರಿಂದ 48 ಗಂಟೆ ಕಳೆದ ಮೇಲೆ.

ಗ್ಲಿಮೆಪಿರೈಡ್ (ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇದರ ಬಂಧುಗಳು) ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ನಿಮ್ಮ ಭಯ ಇದರ ವಿಷಯದಲ್ಲಿ ನ್ಯಾಯವಾದದ್ದು. ಊಟ ಸೇರದ ದಿನ ಇದನ್ನು ಬಿಡುವುದೋ ಅರ್ಧ ಮಾಡುವುದೋ ಸಕ್ಕರೆಯ ಅಂಕಿ ನೋಡಿ ಡಾಕ್ಟರು ಹೇಳಬೇಕು. ಇನ್ನೊಂದು ಮಾತು: ಕಿಡ್ನಿ ಮಂದವಿರುವ ಹಿರಿಯರಲ್ಲಿ ಈ ಮಾತ್ರೆಯಿಂದ ಸಕ್ಕರೆ ಇಳಿದರೆ, ಸಿಹಿ ಕೊಟ್ಟು ಏರಿಸಿದ ಮೇಲೂ ಗಂಟೆಗಟ್ಟಲೆ, ಕೆಲವೊಮ್ಮೆ ದಿನಪೂರ್ತಿ ಮತ್ತೆ ಮತ್ತೆ ಇಳಿಯುತ್ತಿರುತ್ತದೆ. 70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ಗ್ಲುಕೋಸ್ ಕೊಟ್ಟು 15 ನಿಮಿಷದ ಮೇಲೆ ಮತ್ತೆ ನೋಡಿ. ಆ ರಾತ್ರಿ ಅವರನ್ನು ಒಂಟಿಯಾಗಿ ಮಲಗಿಸಬೇಡಿ.

ಮೆಟ್‌ಫಾರ್ಮಿನ್: ಬರೀ ಜ್ವರವಿದ್ದು ಊಟ, ನೀರು ಸರಿಯಾಗಿ ಹೋಗುತ್ತಿದ್ದರೆ ಮುಂದುವರಿಸಬಹುದು. ವಾಂತಿ, ಭೇದಿ, ಉಬ್ಬಸ ಇದ್ದರೆ ನಿಲ್ಲಬೇಕು. ಕಿಡ್ನಿ ಕುಸಿದಾಗ ಅದು ಮೈಯಲ್ಲೇ ಉಳಿದು ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ.

ಟೆಲ್ಮಿಸಾರ್ಟಾನ್ ಗುಂಪಿನ ಬಿ.ಪಿ. ಮಾತ್ರೆಗಳನ್ನು ವೈರಸ್ ಸೋಂಕು ಬಂತೆಂದು ನಿಲ್ಲಿಸಬೇಕಿಲ್ಲ. ಮೈ ಒಣಗಿದ್ದರೆ, ಬಿ.ಪಿ. ಇಳಿದಿದ್ದರೆ ಮಾತ್ರ ಡಾಕ್ಟರನ್ನು ಕೇಳಿ ಒಂದೆರಡು ದಿನ ತಡೆಯುತ್ತಾರೆ. ಇದರ ಜೊತೆ ಮೂತ್ರ ಹೋಗಿಸುವ ಮಾತ್ರೆ, ಅದರ ಮೇಲೆ ಮೈಕೈ ನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್, ಈ ಮೂರೂ ಸೇರಿದರೆ ಒಣಗಿದ ಕಿಡ್ನಿಗೆ ಮೂರು ಕಡೆಯಿಂದ ಏಟು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು: ಒಮ್ಮೆಗೆ 500 ಅಥವಾ 650 ಮಿಲಿಗ್ರಾಂ, 6 ಗಂಟೆ ಅಂತರ. ಡೆಂಗಿ ಇರಬಹುದೆಂಬ ಗುಮಾನಿ ಇದ್ದರೆ ಆ ನೋವಿನ ಮಾತ್ರೆಗಳ ಹತ್ತಿರವೂ ಹೋಗಬೇಡಿ, ರಕ್ತಸ್ರಾವದ ಅಪಾಯವಿದೆ.

ಹೇಳುವಷ್ಟು ಸುಲಭವಲ್ಲ ಇದು, ಯಾಕೆಂದರೆ ಎಷ್ಟೋ ಮಾತ್ರೆಗಳಲ್ಲಿ ಎರಡು ಮೂರು ಔಷಧಿ ಒಟ್ಟಿಗೇ ಇರುತ್ತವೆ. ಗ್ಲಿಮೆಪಿರೈಡ್ ಬಿಟ್ಟು ಮೆಟ್‌ಫಾರ್ಮಿನ್ ಮಾತ್ರ ಕೊಡೋಣವೆಂದರೆ ಎರಡೂ ಒಂದೇ ಗುಳಿಗೆಯಲ್ಲಿ! ಆದ್ದರಿಂದ ಅಮ್ಮ ಚೆನ್ನಾಗಿರುವಾಗಲೇ ಪ್ರತಿ ಪಟ್ಟಿಯ ಮೇಲೆ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಗಳ ಹೆಸರನ್ನು ಬರೆದಿಟ್ಟುಕೊಳ್ಳಿ. ಡಾಕ್ಟರನ್ನು ಕಂಡಾಗ, ಯಾವುದನ್ನು ನಿಲ್ಲಿಸಬೇಕು, ಯಾವ ಅಂಕಿ ಬಂದರೆ ಫೋನ್ ಮಾಡಬೇಕು, ಯಾವಾಗ ಮತ್ತೆ ಶುರು ಎಂದು ಅದೇ ಹಾಳೆಯ ಮೇಲೆ ಬರೆಸಿಕೊಳ್ಳಿ. ಕೊನೆಯದನ್ನೇ ಎಲ್ಲರೂ ಮರೆಯುವುದು. ಜ್ವರ ವಾಸಿಯಾಗಿ ತಿಂಗಳಾದರೂ ಮಾತ್ರೆ ನಿಂತೇ ಇರುತ್ತದೆ, ಸಕ್ಕರೆ 300ಕ್ಕೆ ಹೋಗಿರುತ್ತದೆ.

ಅಣ್ಣನ ಮಾತಿನಲ್ಲೂ ಸತ್ಯವಿದೆ: ಮಾತ್ರೆಗಳು ನಿಂತಾಗ ಸಕ್ಕರೆ ಏರಬಹುದು. 250ರ ಮೇಲೆಯೇ ನಿಂತರೆ ಕೆಲವು ದಿನದ ಮಟ್ಟಿಗೆ ಇನ್ಸುಲಿನ್ ಕೊಡುತ್ತಾರೆ. ಜ್ವರದಲ್ಲಿ ಶುರುವಾದ ಇನ್ಸುಲಿನ್ ಜೀವನಪರ್ಯಂತ ಎಂದು ಹೆದರಬೇಕಿಲ್ಲ.

ಪ್ರಶ್ನೆ: ಮಗನಿಗೆ 17 ವರ್ಷ, ಟೈಪ್ 1. ಜ್ವರ ಬಂದು ಏನೂ ತಿನ್ನದ ದಿನ ಇನ್ಸುಲಿನ್ ಬಿಡಬಹುದೇ?

ಉತ್ತರ: ಬಿಡಲೇಬಾರದು. ಟೈಪ್ 1 ಇರುವವರು ವೈರಲ್ ಜ್ವರದಲ್ಲಿ ಅಪಾಯಕ್ಕೆ ಸಿಲುಕುವ ಅತಿ ಸಾಮಾನ್ಯ ದಾರಿಗಳಲ್ಲಿ ಇದೂ ಒಂದು. ತಿನ್ನದಿದ್ದರೂ ಲಿವರ್ ಸಕ್ಕರೆಯನ್ನು ಸುರಿಯುತ್ತಲೇ ಇರುತ್ತದೆ. ಇನ್ಸುಲಿನ್ ಇಲ್ಲದೆ ಆ ಸಕ್ಕರೆ ಜೀವಕೋಶದೊಳಗೆ ಹೋಗದು, ಹಾಗಾಗಿ ಕೀಟೋನ್ ಏರುತ್ತದೆ.

ದಿನಕ್ಕೊಮ್ಮೆ ಕೊಡುವ ದೀರ್ಘಾವಧಿ ಇನ್ಸುಲಿನ್ (ಗ್ಲಾರ್ಜಿನ್, ಡೆಗ್ಲುಡೆಕ್ ಮುಂತಾದ್ದು) ಎಂದಿನಂತೆ ನಡೆಯಲಿ. ಊಟದ ಹೊತ್ತಿನದ್ದು ತಿಂದಷ್ಟಕ್ಕೆ. ಸಕ್ಕರೆಯನ್ನು 2ರಿಂದ 4 ಗಂಟೆಗೊಮ್ಮೆ ನೋಡಿ, ರಾತ್ರಿಯೂ ಅಲಾರಂ ಇಟ್ಟು ಎದ್ದು ನೋಡಿ. ಕೀಟೋನನ್ನು 4 ಗಂಟೆಗೊಮ್ಮೆ ಪರೀಕ್ಷಿಸಿ.

ರಕ್ತದ ಕೀಟೋನ್ ಲೀಟರಿಗೆ 0.6 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. 0.6ರಿಂದ 1.5 ಇದ್ದರೆ ನೀರು ಹೆಚ್ಚಿಸಿ, ಎರಡು ಗಂಟೆಗೆ ಮತ್ತೆ ನೋಡಿ. 1.5ರಿಂದ 3ರ ನಡುವೆ ಹೆಚ್ಚುವರಿ ಇನ್ಸುಲಿನ್ ಬೇಕು. ಬ್ರಿಟನ್ನಿನಲ್ಲಿ ರೋಗಿಗಳಿಗೆ ಕಲಿಸುವ ಲೆಕ್ಕದಂತೆ, ಇಡೀ ದಿನದ ಒಟ್ಟು ಡೋಸಿನ ಶೇ 10ರಷ್ಟು ವೇಗದ ಇನ್ಸುಲಿನ್ 2 ಗಂಟೆಗೊಮ್ಮೆ. 3 ದಾಟಿದರೆ ಶೇ 20. ದಿನಕ್ಕೆ 40 ಯೂನಿಟ್ ಹಾಕಿಕೊಳ್ಳುವವನಿಗೆ ಅದು 4 ಯೂನಿಟ್, 8 ಯೂನಿಟ್. ನಿಮ್ಮ ಮಗನಿಗೆ ಎಷ್ಟು ಎಂಬುದನ್ನು ಅವನ ಡಾಕ್ಟರಿಂದ ಮುಂಚೆಯೇ ಬರೆಸಿಟ್ಟಿರಬೇಕು. 3 ದಾಟಿದ್ದರೆ, ಅಥವಾ 1.5 ದಾಟಿ ವಾಂತಿಯೂ ಇದ್ದರೆ ಮನೆಯಲ್ಲಿ ಲೆಕ್ಕ ಹಾಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಜನ ತಪ್ಪುವುದು ಎಲ್ಲಿ ಎಂದರೆ, ಕೀಟೋನ್ ಹೆಚ್ಚಿದೆ ಆದರೆ ಸಕ್ಕರೆ 120 ಇದೆ ಎಂಬ ಸಂದರ್ಭದಲ್ಲಿ. ಸಕ್ಕರೆ ಕಡಿಮೆ ಎಂದು ಇನ್ಸುಲಿನ್ ತಡೆಹಿಡಿಯುತ್ತಾರೆ. ಅಲ್ಲಿ ಬೇಕಾದದ್ದು ಸಿಹಿ ಪಾನೀಯ, ಇನ್ಸುಲಿನ್ ಎರಡೂ. ಇನ್ಸುಲಿನ್ ಪಂಪ್ ಬಳಸುವವರಾದರೆ ಕೀಟೋನ್ ಏರಿದ ಕೂಡಲೇ ಕ್ಯಾನುಲಾ (ಚರ್ಮದೊಳಗಿನ ಸಣ್ಣ ಕೊಳವೆ) ಮಡಿಚಿದೆಯೆಂದೇ ಭಾವಿಸಿ, ಮುಂದಿನ ಡೋಸನ್ನು ಪೆನ್ನಿನಲ್ಲಿ ಕೊಟ್ಟು ಸೆಟ್ ಬದಲಿಸಿ. ಮೂತ್ರದ ಕೀಟೋನ್ ಪಟ್ಟಿ ಹಲವು ಗಂಟೆ ಹಿಂದಿನ ಸ್ಥಿತಿಯನ್ನು ತೋರಿಸುತ್ತದೆ. ಬೇರೇನೂ ಸಿಗದಿದ್ದರೆ ಮಾತ್ರ ಅದು.

ಪ್ರಶ್ನೆ: ಶುಗರ್ ಇದ್ದವರು ಓಆರ್‌ಎಸ್ ಕುಡಿಯಬಹುದೇ? ಅದರಲ್ಲಿ ಗ್ಲುಕೋಸ್ ಇದೆಯಲ್ಲ?

ಉತ್ತರ: ಕುಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲುಕೋಸ್ ಇರುತ್ತದೆ. 200 ಮಿ.ಲೀ. ಲೋಟಕ್ಕೆ 2.7 ಗ್ರಾಂ, ಚಹಾ ಚಮಚದಲ್ಲಿ ಮುಕ್ಕಾಲು ಚಮಚವೂ ಆಗದು. ಕರುಳು ಉಪ್ಪನ್ನು ಹೀರಲು ಆ ಗ್ಲುಕೋಸ್ ಬೇಕೇ ಬೇಕು. ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟರಲ್ಲೇ ಇಡೀ ಪೊಟ್ಟಣ ಕರಗಿಸಿ. ಓಆರ್‌ಎಸ್ ಎಂಬಂತೆ ಕಾಣುವ ಹಣ್ಣಿನ ರುಚಿಯ ಸಿದ್ಧ ಪಾನೀಯಗಳಲ್ಲಿ ಸಕ್ಕರೆ ಹಲವು ಪಟ್ಟು ಇರಬಹುದು, ಲೇಬಲ್ ಓದಿ. ವಾಂತಿ ಇರುವಾಗ ಒಮ್ಮೆಲೇ ಕುಡಿಸದೆ ಗುಟುಕು ಗುಟುಕಾಗಿ, ಗಂಟೆಗೆ 100 ಮಿ.ಲೀ. ಆದರೂ ಒಳಗೆ ಹೋಗುವಂತೆ ನೋಡಿಕೊಳ್ಳಿ. ಹಾರ್ಟ್ ಫೇಲ್ಯೂರ್ ಇರುವವರು, ಡಯಾಲಿಸಿಸ್‌ನಲ್ಲಿರುವವರು ಪ್ರಮಾಣವನ್ನು ಡಾಕ್ಟರನ್ನು ಕೇಳಿಯೇ ನಿರ್ಧರಿಸಬೇಕು.

ಪ್ರಶ್ನೆ: ಜ್ವರ ಬಂದಾಗ ಗ್ಲುಕೋಮೀಟರ್ ಒಂದೊಂದು ಸಲ ಒಂದೊಂದು ತೋರಿಸುತ್ತದೆ. ನಂಬುವುದು ಹೇಗೆ? ಮನೆಯಲ್ಲಿ ಇಬ್ಬರಿಗೆ ಒಂದೇ ಮೀಟರ್ ಇದೆ.

ಉತ್ತರ: ಮೊದಲು ಕೈ ತೊಳೆಯಿರಿ. ಹಣ್ಣು ಮುಟ್ಟಿದ ಅಥವಾ ಗ್ಲುಕೋಸ್ ಪುಡಿ ಅಂಟಿದ ಬೆರಳಿನಿಂದ ತೆಗೆದ ಹನಿ 100 ಇರುವುದನ್ನು 250 ಎಂದೂ ತೋರಿಸಬಹುದು. ಸ್ಯಾನಿಟೈಸರ್ ಸಾಲದು, ಸಾಬೂನು ನೀರು ಬೇಕು; ತೊಳೆದು ಪೂರ್ತಿ ಒರೆಸಿ, ಒದ್ದೆ ಬೆರಳಿನ ರಕ್ತ ತೆಳುವಾಗುತ್ತದೆ. ಹನಿ ಬರಲಿಲ್ಲವೆಂದು ಬೆರಳನ್ನು ಹಿಂಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ತೇವಾಂಶ ಹಿಡಿದು ಸ್ಟ್ರಿಪ್ ಕೆಡುತ್ತದೆ. ಇಷ್ಟಾದರೂ ರಕ್ತಹೀನತೆ ಇರುವವರಲ್ಲಿ ಮೀಟರ್ ತುಸು ಹೆಚ್ಚು ತೋರಿಸುತ್ತದೆ. ಕೈಕಾಲು ತಣ್ಣಗಾಗಿ ಬಿ.ಪಿ. ಬಿದ್ದ ರೋಗಿಯ ಬೆರಳಿನ ಅಂಕಿಯನ್ನು ನಂಬುವಂತೆಯೇ ಇಲ್ಲ, ರಕ್ತನಾಳದಿಂದ ತೆಗೆದು ಲ್ಯಾಬಿಗೆ ಕೊಡಬೇಕು. ಮೈಗೆ ಅಂಟಿಸಿಕೊಂಡು ಸಕ್ಕರೆಯನ್ನು ಸತತವಾಗಿ ಅಳೆಯುವ ಕೆಲವು ಸಿಜಿಎಂ ಸೆನ್ಸರ್‌ಗಳು ಪ್ಯಾರಸಿಟಮಾಲ್ ತೆಗೆದುಕೊಂಡಾಗ ಸಕ್ಕರೆಯನ್ನು ಹೆಚ್ಚಾಗಿ ತೋರಿಸುತ್ತವೆ, ನಿಮ್ಮದರ ಕೈಪಿಡಿ ನೋಡಿ.

ಮೀಟರ್ ಹಂಚಿಕೊಳ್ಳುವ ವಿಷಯ ಇದಕ್ಕಿಂತ ಗಂಭೀರ. ಬೆರಳು ಚುಚ್ಚುವ ಪೆನ್ನನ್ನು ಸೂಜಿ ಬದಲಿಸಿಯೂ ಇಬ್ಬರು ಬಳಸಬಾರದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ 7 ದಿನವಾದರೂ ಬದುಕಿರುತ್ತದೆ. ವೃದ್ಧಾಶ್ರಮಗಳಂಥ ಕಡೆ ಹಂಚಿಕೊಂಡ ಪೆನ್ನುಗಳಿಂದ ಮಧುಮೇಹಿಗಳಲ್ಲಿ ಹೆಪಟೈಟಿಸ್ ಬಿ ಹರಡಿದ್ದರಿಂದಲೇ ಅಮೆರಿಕದಲ್ಲಿ 2011ರಲ್ಲಿ 60 ವರ್ಷದೊಳಗಿನ ಮಧುಮೇಹಿಗಳಿಗೆಲ್ಲ ಅದರ ಲಸಿಕೆ ಸೂಚಿಸಿದರು. ಪೆನ್ನು ಒಬ್ಬೊಬ್ಬರಿಗೆ ಬೇರೆ, ಸಾಧ್ಯವಾದರೆ ಮೀಟರೂ ಬೇರೆ.

ಪ್ರಶ್ನೆ: ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ ಚಿಕ್ಕಪ್ಪನಿಗೆ ಸ್ಟೀರಾಯ್ಡ್ ಕೊಟ್ಟ ಮೇಲೆ ಶುಗರ್ 380 ಆಯಿತು. ಇನ್ಸುಲಿನ್ ಕೊಟ್ಟರೂ 170ರ ಆಸುಪಾಸಿನಲ್ಲೇ ಇಟ್ಟಿದ್ದರು, 100ಕ್ಕೆ ತರಲಿಲ್ಲ. ನಿರ್ಲಕ್ಷ್ಯವಲ್ಲವೇ?

ಉತ್ತರ: ಅಲ್ಲ. ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಐಸಿಯು ರೋಗಿಗಳ ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಹಿಡಿದರೆ ಒಳ್ಳೆಯದೋ, 180ರೊಳಗೆ ಇಟ್ಟರೆ ಸಾಕೋ ಎಂದು ನೈಸ್-ಶುಗರ್ ಎಂಬ ಅಧ್ಯಯನದಲ್ಲಿ 6,104 ಜನರ ಮೇಲೆ ಪರೀಕ್ಷಿಸಿದ್ದರು. ಫಲಿತಾಂಶ 2009ರಲ್ಲಿ ಬಂತು. ಬಿಗಿಹಿಡಿದ ಗುಂಪಿನಲ್ಲಿ 90 ದಿನದೊಳಗೆ ಶೇ 27.5 ಜನ ಸತ್ತರು, ಇನ್ನೊಂದರಲ್ಲಿ ಶೇ 24.9. ಸಕ್ಕರೆ ಅಪಾಯಕಾರಿಯಾಗಿ ಇಳಿದದ್ದೂ ಮೊದಲ ಗುಂಪಿನಲ್ಲೇ ಹೆಚ್ಚು. ಅಂದಿನಿಂದ ಆಸ್ಪತ್ರೆಗಳಲ್ಲಿ 140ರಿಂದ 180 ಎಂಬುದು ಸಾಮಾನ್ಯ ಗುರಿ.

ಸ್ಟೀರಾಯ್ಡ್ ಕೊಟ್ಟದ್ದೂ ತಪ್ಪಲ್ಲ, ಅವರಿಗೆ ಆಮ್ಲಜನಕ ಬೇಕಾಗಿದ್ದರೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿದಂತೆ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರದ್ದು ಐದನೇ ಒಂದರಷ್ಟು ತಗ್ಗಿತು. ಆಮ್ಲಜನಕ ಬೇಡದವರಿಗೆ ಲಾಭವೇನೂ ಕಾಣಲಿಲ್ಲ. ಮನೆಯಲ್ಲೇ ಇರುವ ಮಧುಮೇಹಿ ‘ಬೇಗ ವಾಸಿಯಾಗಲಿ’ ಎಂದು ಸ್ಟೀರಾಯ್ಡ್ ನುಂಗುವುದು ಆದ್ದರಿಂದಲೇ ಕೆಟ್ಟ ವ್ಯಾಪಾರ. 2021ರಲ್ಲಿ ಭಾರತದಲ್ಲಿ ಕಪ್ಪು ಶಿಲೀಂಧ್ರ ಹರಡಿದಾಗ ಹೆಚ್ಚು ಬಲಿಯಾದವರು ಹತೋಟಿ ತಪ್ಪಿದ ಶುಗರ್ ಮತ್ತು ಸ್ಟೀರಾಯ್ಡ್ ಎರಡೂ ಇದ್ದವರು. ಮುಖದ ಒಂದೇ ಬದಿಗೆ ಊತ ಅಥವಾ ನೋವು, ಮೂಗಿನಿಂದ ಕಪ್ಪು ಸಿಂಬಳ, ಎರಡೆರಡು ಕಾಣುವುದು, ಹಲ್ಲು ಅಲ್ಲಾಡುವುದು ಕಂಡರೆ ಅದೇ ದಿನ ತೋರಿಸಬೇಕು.

ಬೆಳಿಗ್ಗೆ ಕೊಟ್ಟ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ರಾತ್ರಿವರೆಗೆ. ಮುಂಜಾನೆಯ ಫಾಸ್ಟಿಂಗ್ 110 ಇದ್ದು ಸಂಜೆ 350 ಆಗುವುದುಂಟು. ಡಿಸ್ಚಾರ್ಜ್ ಆದ ಮೇಲೆ ಬರೀ ಫಾಸ್ಟಿಂಗ್ ನೋಡುವವರಿಗೆ ಇದು ಕಾಣಿಸುವುದೇ ಇಲ್ಲ. ಸಂಜೆ ಊಟಕ್ಕೆ ಮುಂಚೆ ನೋಡಿ. ಸ್ಟೀರಾಯ್ಡ್ ಇಳಿಸುತ್ತ ಬಂದಂತೆ ಇನ್ಸುಲಿನ್ನನ್ನೂ ಇಳಿಸಬೇಕು, ಇಲ್ಲದಿದ್ದರೆ ಮೂರ್ನಾಲ್ಕು ದಿನದಲ್ಲಿ ಸಕ್ಕರೆ ಕುಸಿಯುತ್ತದೆ.

ಪ್ರಶ್ನೆ: ಜ್ವರಕ್ಕೆಂದು ರಕ್ತಪರೀಕ್ಷೆ ಮಾಡಿಸಿದಾಗ ಶುಗರ್ 210 ಬಂತು. ಮುಂಚೆ ಇರಲಿಲ್ಲ. ಜ್ವರದಿಂದ ಬಂದದ್ದೇ?

ಉತ್ತರ: ಇರಬಹುದು, ಇಲ್ಲದಿರಬಹುದು, ಎಚ್‌ಬಿಎ1ಸಿ ಮಾಡಿಸಿದರೆ ಗೊತ್ತಾಗುತ್ತದೆ. ಅದು 6.5 ಅಥವಾ ಹೆಚ್ಚಿದ್ದರೆ ಶುಗರ್ ಮೊದಲೇ ಇತ್ತು, ನೀವು ನೋಡಿಸಿರಲಿಲ್ಲ ಅಷ್ಟೆ. ಕಡಿಮೆಯಿದ್ದರೆ ಜ್ವರದ ಒತ್ತಡದ್ದು. ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿ. ‘ನನಗೆ ಶುಗರ್ ಇಲ್ಲವಲ್ಲ’ ಎಂದು ಆ 210ನ್ನು ಕಡೆಗಣಿಸಬೇಡಿ. ಕೋವಿಡ್‌ನಲ್ಲಿ ಮೊದಲು ಶುಗರ್ ಗೊತ್ತಿರದೆ ಆಸ್ಪತ್ರೆ ಸೇರುವಾಗ ಸಕ್ಕರೆ ಏರಿದ್ದವರಲ್ಲೂ ಸಾವು ಹೆಚ್ಚಿತ್ತು.

ಪ್ರಶ್ನೆ: ಯಾವ ಹಂತದಲ್ಲಿ ಆಸ್ಪತ್ರೆಗೆ ಹೋಗಬೇಕು?

ಉತ್ತರ: ಎರಡು ಹೊತ್ತು ಇವೆ. ಮೊದಲನೆಯದು ಜ್ವರ ಬಂದ ಮೊದಲೆರಡು ದಿನ, ಇದನ್ನು ಹೆಚ್ಚಿನವರು ಕಳೆದುಕೊಳ್ಳುತ್ತಾರೆ. ಫ್ಲೂಗೆ ಒಸೆಲ್ಟಾಮಿವಿರ್ (75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ) 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಕೋವಿಡ್‌ನ ನಿರ್ಮಾಟ್ರೆಲ್ವಿರ್–ರಿಟೋನಾವಿರ್ 5 ದಿನದೊಳಗೆ ಬೇಕು. ಎರಡಕ್ಕೂ ಕಿಡ್ನಿ ನೋಡಿ ಡೋಸ್ ಇಳಿಸುತ್ತಾರೆ. ರಿಟೋನಾವಿರ್ ಜೊತೆ ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆ ನಡೆಯದು, ಹಾಗಾಗಿ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಶುಗರ್ ಇದ್ದವರು ‘ಮೂರು ದಿನ ಕಾದು ನೋಡೋಣ’ ಎಂದರೆ ಈ ಬಾಗಿಲು ಮುಚ್ಚಿರುತ್ತದೆ.

ಎರಡನೆಯದು ತುರ್ತು. ನೀರೂ ನಿಲ್ಲದ ವಾಂತಿ ನಾಲ್ಕಾರು ಗಂಟೆ ದಾಟಿದರೆ, ಸಕ್ಕರೆ 300ರ ಮೇಲೆಯೇ ನಿಂತರೆ ಅಥವಾ ಮತ್ತೆ ಮತ್ತೆ 70ರ ಕೆಳಗೆ ಬಿದ್ದರೆ, ಮಂಪರು ಕವಿದರೆ, ಮಾತು ತೊದಲಿದರೆ, ಎದೆ ಬಿಗಿದರೆ ಹೊರಡಿ. ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಹೆಚ್ಚು ಎಚ್ಚರ ಬೇಕು, ರಕ್ತನಾಳದಿಂದ ನೀರು ಸೋರುವುದು ಆಗಲೇ. ಆಕ್ಸಿಮೀಟರ್ ಇದ್ದರೆ ಐದು ನಿಮಿಷ ಸುಮ್ಮನೆ ಕೂತು, ಬೆಚ್ಚಗಿರುವ, ಬಣ್ಣ ಹಚ್ಚದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಿರಿ. 94 ಅಥವಾ 93 ಬಂದರೆ ಡಾಕ್ಟರಿಗೆ ಫೋನ್, 92 ಅಥವಾ ಕೆಳಗೆ ಬಂದರೆ ಆಸ್ಪತ್ರೆ. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರ ಇರುವುದಕ್ಕಿಂತ ತುಸು ಹೆಚ್ಚು ತೋರಿಸುವುದುಂಟು. ಆದ್ದರಿಂದ ಅಂಕಿ 95 ಇದ್ದರೂ ಒಂದು ವಾಕ್ಯ ಪೂರ್ತಿ ಹೇಳುವಷ್ಟು ಉಸಿರು ಸಾಲದಿದ್ದರೆ ಉಸಿರನ್ನೇ ನಂಬಿ.

ಪ್ರಶ್ನೆ: ಯಾವ ಲಸಿಕೆಗಳು ಬೇಕು? ಲಸಿಕೆಯಿಂದ ಶುಗರ್ ಏರುತ್ತದೆಯೇ?

ಉತ್ತರ: ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ಚುಚ್ಚುಮದ್ದಿನ ರೂಪದ್ದು, ಮೂಗಿಗೆ ಸಿಂಪಡಿಸುವ ಜೀವಂತ ವೈರಸ್ಸಿನದ್ದನ್ನು ಮಧುಮೇಹಿಗಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹೆಪಟೈಟಿಸ್ ಬಿ ಮೂರು ಡೋಸ್, 0, 1 ಮತ್ತು 6ನೇ ತಿಂಗಳಲ್ಲಿ. ನ್ಯುಮೊಕಾಕಲ್ ಲಸಿಕೆ ಬ್ಯಾಕ್ಟೀರಿಯಾದ್ದಾದರೂ ವೈರಸ್ ಹಿಂದೆ ಬರುವ ನ್ಯುಮೋನಿಯಾ ತಡೆಯಲು ಬೇಕು. 50 ದಾಟಿದವರು ಸರ್ಪಸುತ್ತಿನ ಲಸಿಕೆಯ ಬಗ್ಗೆ, 60 ದಾಟಿ ಹೃದಯ ಅಥವಾ ಕಿಡ್ನಿ ತೊಂದರೆಯೂ ಇರುವವರು ಆರ್‌ಎಸ್‌ವಿ (ಶ್ವಾಸಕೋಶಕ್ಕೆ ತಗಲುವ ಒಂದು ವೈರಸ್) ಲಸಿಕೆಯ ಬಗ್ಗೆ ಕೇಳಿ. ಕೋವಿಡ್ ಬೂಸ್ಟರನ್ನು ಆಯಾ ದೇಶದ ವೇಳಾಪಟ್ಟಿಯಂತೆ ಹಾಕಿಸಿಕೊಳ್ಳಬೇಕು.

ಚುಚ್ಚಿಸಿಕೊಂಡ ಒಂದರಿಂದ ಮೂರು ದಿನ ಸಕ್ಕರೆ ಸ್ವಲ್ಪ ಏರಬಹುದು, ಮಾತ್ರೆ ಬದಲಿಸುವಷ್ಟಲ್ಲ. ಟೈಪ್ 1 ಇದ್ದವರು ಆ ದಿನಗಳಲ್ಲಿ ನಾಲ್ಕು ಗಂಟೆಗೊಮ್ಮೆ ನೋಡಿಕೊಂಡರೆ ಸಾಕು. ಲಸಿಕೆಗೆ ಮುಂಚೆ ಎಚ್‌ಬಿಎ1ಸಿ ಇಳಿಯಲಿ ಎಂದು ಕಾಯಬೇಡಿ, ಏರಿದ್ದವರಿಗೇ ಅದು ಹೆಚ್ಚು ಬೇಕು. ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಹಿಡಿಯುವುದರಿಂದ ಫ್ಲೂ ಹರಡುವ ಕಾಲಕ್ಕೆ ಮುಂಚೆಯೇ ಹಾಕಿಸಿ. ಸಿಜಿಎಂ ಸೆನ್ಸರ್ ಅಂಟಿಸಿದ ತೋಳನ್ನು ಬಿಟ್ಟು ಇನ್ನೊಂದನ್ನು ಕೊಡಿ.